ನೇಯ್ದವರ ಮೈಗೆ ಬಾರದ ಬಟ್ಟೆ

ಚಿನ್ನಕ್ಕಿಂತ ಬಟ್ಟೆಗೆ ಹೆಚ್ಚು ಬೆಲೆ ಕೊಟ್ಟ ಸಾಮ್ರಾಜ್ಯವೊಂದು ಈ ಭೂಮಿಯ ಮೇಲಿತ್ತು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ, ಇಂದಿನ ಪೆರು ದೇಶದ ಕುಸ್ಕೊ ನಗರವನ್ನು ರಾಜಧಾನಿ ಮಾಡಿಕೊಂಡು ಆಳಿದ ಇಂಕಾ ಜನರ ಸಾಮ್ರಾಜ್ಯ ಅದು. ಇಂಕಾ ಎಂದ ಕೂಡಲೇ ನಮಗೆ ನೆನಪಾಗುವುದು ಮಾಚು ಪಿಚುವಿನ ಕಲ್ಲಿನ ಗೋಡೆಗಳು, ಇಲ್ಲವೇ ಬಂಗಾರ. 1532ರ ನವೆಂಬರ್‌ನಲ್ಲಿ ಸ್ಪೇನಿನ ಫ್ರಾನ್ಸಿಸ್ಕೊ ಪಿಜಾರೊ ಇಂಕಾ ದೊರೆ ಅತಾಹುವಾಲ್ಪನನ್ನು ಸೆರೆಹಿಡಿದ. ಬಿಡುಗಡೆಗಾಗಿ ಒಂದು ಕೋಣೆ ತುಂಬ ಚಿನ್ನ ಕೊಡುತ್ತೇನೆಂದ ದೊರೆ ಮಾತಿನಂತೆ ನಡೆದುಕೊಂಡ. ಬಂದ ಕಲಾಕೃತಿಗಳಲ್ಲಿ ಬಹುಪಾಲನ್ನು ಕರಗಿಸಿ ಗಟ್ಟಿ ಮಾಡಿಕೊಂಡ ಸ್ಪೇನಿನವರು 1533ರಲ್ಲಿ ಅವನನ್ನು ಕೊಂದರು. ಶಾಲೆಯ ಪಾಠ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ.

ಆದರೆ ಇಂಕಾಗಳ ದೃಷ್ಟಿಯಲ್ಲಿ ಅತಿ ದೊಡ್ಡ ಉಡುಗೊರೆ ಎಂದರೆ ಬಟ್ಟೆ. ಗೆದ್ದ ಸೀಮೆಯ ನಾಯಕನನ್ನು ತಮ್ಮವನನ್ನಾಗಿ ಮಾಡಿಕೊಳ್ಳಬೇಕಾದರೆ ದೊರೆ ಅವನಿಗೆ ನವಿರಾದ ಅಂಗಿ ಕೊಡುತ್ತಿದ್ದ. ಸೈನಿಕರಿಗೆ ಬಟ್ಟೆ, ದೇವರಿಗೆ ಬಟ್ಟೆ, ಸರಕಾರದ ಉಗ್ರಾಣಗಳ ತುಂಬ ಬಟ್ಟೆ. ಎಲ್ಲಕ್ಕಿಂತ ಮೇಲಿನ ದರ್ಜೆಯದಕ್ಕೆ ಕುಂಪಿ ಎಂಬ ಹೆಸರು. ಅಲ್ಪಾಕಾ, ವಿಕುನ್ಯಾ ಎಂಬ ಪ್ರಾಣಿಗಳ ಉಣ್ಣೆಯನ್ನೂ ಹತ್ತಿಯನ್ನೂ ಸೇರಿಸಿ ಅದನ್ನು ನೇಯುತ್ತಿದ್ದರು. ಅಮೆರಿಕದ ವಾಷಿಂಗ್ಟನ್‌ನಲ್ಲಿರುವ ಡಂಬಾರ್ಟನ್ ಓಕ್ಸ್ ಸಂಗ್ರಹಾಲಯದಲ್ಲಿ ಅಂಥದೊಂದು ಅಂಗಿ ಉಳಿದಿದೆ. ಮೈತುಂಬ ಚಿಕ್ಕ ಚಿಕ್ಕ ಚೌಕಗಳು, ಚೌಕದೊಳಗೆ ಬಗೆಬಗೆಯ ಗೆರೆ, ಮೆಟ್ಟಿಲು, ವಜ್ರಾಕಾರ. ಈ ಚೌಕಗಳಿಗೆ ತೊಕಾಪು ಎನ್ನುತ್ತಾರೆ.

ಆ ಅಂಗಿಯ ಚಿತ್ರ ಪುಸ್ತಕವೊಂದರಲ್ಲಿ ಕಣ್ಣಿಗೆ ಬಿದ್ದಾಗ ನಾನು ಅದನ್ನು ನಮ್ಮ ಎದುರು ಮನೆಯ ಅಕ್ಕನಿಗೆ ತೋರಿಸಿದೆ. ನಾವಿರುವುದು ರಾಜಾನುಕುಂಟೆಯಲ್ಲಿ. ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಯ ಮೇಲಿನ ಊರು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಅಪಾರ್ಟ್‌ಮೆಂಟುಗಳೂ ಕಾಲೇಜುಗಳೂ ಎದ್ದಿವೆ. ದೊಡ್ಡಬಳ್ಳಾಪುರ ಸಾವಿರಾರು ಮಗ್ಗಗಳ ಊರು. ಅಲ್ಲಿಂದ ಚಿಕ್ಕಪೇಟೆಗೆ ಹೋಗುವ ಸೀರೆಯ ಗಂಟುಗಳು ನಮ್ಮ ಬಸ್ ನಿಲ್ದಾಣದ ಮುಂದೆಯೇ ಹಾದುಹೋಗುತ್ತವೆ. ಅಕ್ಕ ಆ ಊರಿನ ನೇಕಾರರ ಮನೆಯವರು. ಇದ್ದ ಎರಡು ಪವರ್‌ಲೂಮ್ ಮಾರಿ ಇಲ್ಲಿಗೆ ಬಂದು ಕೆಲವು ವರ್ಷಗಳಾದವು. ಗಂಡ ಅಪಾರ್ಟ್‌ಮೆಂಟೊಂದರಲ್ಲಿ ಕಾವಲು ಕೆಲಸ ಮಾಡುತ್ತಾರೆ.

ಅಕ್ಕ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: “ಇದರ ಹಿಂಬದಿ ಹೆಂಗಿದೆ?”

ಕುಂಪಿ ಬಟ್ಟೆಗೆ ಹಿಂಬದಿ ಮುಂಬದಿ ಎಂಬ ಭೇದವಿಲ್ಲ, ಎರಡೂ ಕಡೆ ಒಂದೇ ಥರ ಎಂದು ಪುಸ್ತಕದಲ್ಲಿದ್ದುದನ್ನು ಹೇಳಿದೆ. “ಹಂಗಾದ್ರೆ ಕೈಕೆಲಸ ಬಲು ದೊಡ್ಡದು,” ಎಂದರು. ಪುಸ್ತಕ ವಾಪಸು ಕೊಡುತ್ತ ಮತ್ತೊಂದು ಮಾತು ಕೇಳಿದರು: “ನೇಯ್ದೋರು ಇದನ್ನ ಉಟ್ಟಿದ್ರಾ?”

ಉಟ್ಟಿರಲಿಲ್ಲ. ಕುಂಪಿ ನೇಯುತ್ತಿದ್ದವರಲ್ಲಿ ಪರಿಣತ ಗಂಡಸರೂ ಇದ್ದರು, ಅಕ್ಲಾ ಎಂದು ಕರೆಯುತ್ತಿದ್ದ ಹೆಣ್ಣುಮಕ್ಕಳೂ ಇದ್ದರು. ಈ ಹೆಣ್ಣುಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಊರೂರುಗಳಿಂದ ಆರಿಸಿ ತಂದು, ಗೋಡೆಯ ಒಳಗಿಟ್ಟು ಕೆಲಸ ಕಲಿಸುತ್ತಿದ್ದರು. ಅವರು ನೇಯ್ದದ್ದು ದೊರೆಗೆ ಮತ್ತು ದೇವರಿಗೆ. ದೊರೆಯೇ ಕೊಟ್ಟ ಹೊರತು ಜನಸಾಮಾನ್ಯರು ಕುಂಪಿ ತೊಡುವಂತಿರಲಿಲ್ಲ. ಇನ್ನು ಪ್ರತಿ ಮನೆಗೂ ಉಗ್ರಾಣದಿಂದ ಉಣ್ಣೆ ಬರುತ್ತಿತ್ತು. ಮನೆಯವರು ಅದರಿಂದ ಒರಟು ಬಟ್ಟೆ ನೇಯ್ದು ಉಗ್ರಾಣಕ್ಕೇ ಒಪ್ಪಿಸಬೇಕು. ಅದೇ ಅವರ ಕಂದಾಯ. ಇದನ್ನು ಕೇಳಿ ಅಕ್ಕ ನಕ್ಕರು. “ನಮ್ದೂ ಅಷ್ಟೇ ಅಲ್ವಾ? ಮಾಲೀಕರು ನೂಲು ಕೊಡ್ತಾರೆ, ನಾವು ಸೀರೆ ಕೊಡ್ತೀವಿ. ನಮಗೆ ಉಳಿಯೋದು ಮಜೂರಿ.”

ಅವರ ಪ್ರಶ್ನೆ ನನ್ನನ್ನು ಶಿಡ್ಲಘಟ್ಟದಲ್ಲಿದ್ದ ನನ್ನ ನಾನಿಯ ಬಳಿಗೆ ಕರೆದೊಯ್ದಿತು. ದೊಡ್ಡಬಳ್ಳಾಪುರದ ಮಗ್ಗಕ್ಕೆ ಬರುವ ನೂಲು ಅದಕ್ಕೂ ಮೊದಲು ಯಾರದೋ ಕೈಯಲ್ಲಿ ಗೂಡಿನಿಂದ ಬಿಚ್ಚಿ ಬಂದಿರುತ್ತದೆ. ಶಿಡ್ಲಘಟ್ಟ ಗೂಡಿನ ಮಾರುಕಟ್ಟೆಗೂ ನೂಲು ಬಿಚ್ಚಾಣಿಕೆಗೂ ಹೆಸರಾದ ಊರು, ಈ ಕಸುಬಿನಲ್ಲಿ ಇರುವವರಲ್ಲಿ ಬಹಳಷ್ಟು ಮಂದಿ ಮುಸ್ಲಿಮರು. ನಾನಿ ನಲವತ್ತು ವರ್ಷ ಚರಕದ ಮುಂದೆ ಕುಳಿತವರು. ಕುದಿಯುವ ನೀರಿನಲ್ಲಿ ಗೂಡು ಬೇಯುತ್ತಿರುತ್ತದೆ. ಅದರ ಎಳೆಯ ತುದಿಯನ್ನು ಬೆರಳಿನಿಂದ ಹುಡುಕಿ ತೆಗೆದು, ಹಲವು ಗೂಡುಗಳ ಎಳೆ ಕೂಡಿಸಿ ತಿರುಗುವ ಚರಕಕ್ಕೆ ಹಚ್ಚಬೇಕು. ಒಂದು ಗೂಡಿನಲ್ಲಿ ನೂರಾರು ಮೀಟರ್ ಎಳೆ. ಒಂದು ಕೆ.ಜಿ. ನೂಲಿಗೆ ಸುಮಾರು ಏಳೆಂಟು ಕೆ.ಜಿ. ಗೂಡು ಬೇಕು. ಎಳೆ ತುಂಡಾದದ್ದು ನಾನಿಗೆ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು. ಆ ಬೆರಳುಗಳ ತುದಿ ಸದಾ ಬಿಳುಚಿ, ಸುಕ್ಕುಗಟ್ಟಿ, ಅಲ್ಲಲ್ಲಿ ಸುಲಿದಿರುತ್ತಿತ್ತು. ಊಟ ಮಾಡುವಾಗ ಖಾರ ತಾಗಿದರೆ ಕಣ್ಣಲ್ಲಿ ನೀರು. ಬೆಂದ ಹುಳುವಿನ ವಾಸನೆ ಎಷ್ಟು ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ, ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆಡೆ ಕೂರುತ್ತಿದ್ದರಂತೆ.

ಶುದ್ಧ ರೇಷ್ಮೆ ನಮ್ಮ ಧರ್ಮದಲ್ಲಿ ಗಂಡಸರಿಗೆ ನಿಷಿದ್ಧ, ಹೆಂಗಸರಿಗೆ ಅನುಮತಿಯಿದೆ. ಗಂಡಸರಿಗಾಗಿಯೇ ಒಳಗೆ ಹತ್ತಿ, ಹೊರಗೆ ರೇಷ್ಮೆ ಬರುವಂತೆ ನೇಯ್ದ ಮಶ್ರೂ ಎಂಬ ಬಟ್ಟೆಯೂ ಹುಟ್ಟಿಕೊಂಡಿತು. ಧರ್ಮ ತಡೆಯದ ನಾನಿಯನ್ನು ಬಡತನ ತಡೆಯಿತು. ಈದ್‌ಗೆ ಅವರು ಉಡುತ್ತಿದ್ದುದು ನೈಲಾನ್ ಸೀರೆ. ಅವರಿಗೆ ಮೊದಲ ಸಲ ಹೊಸದಾದ, ಅಳತೆಗೆ ತಕ್ಕ, ಯಾರೂ ಬೆಲೆ ಚೌಕಾಶಿ ಮಾಡದ ಬಟ್ಟೆ ಸಿಕ್ಕಿದ್ದು ಕಫನ್ ರೂಪದಲ್ಲಿ. ಅದು ಬಿಳಿಯ ಹತ್ತಿಬಟ್ಟೆ. ಇಂಕಾ ದೊರೆಗಳು ಸತ್ತ ಮೇಲೂ ಅವರ ದೇಹಕ್ಕೆ ಶ್ರೇಷ್ಠ ಬಟ್ಟೆ ಸುತ್ತುತ್ತಿದ್ದರು. ನಮ್ಮಲ್ಲಿ ಸಿರಿವಂತನಿಗೂ ಚರಕದವಳಿಗೂ ಕೊನೆಯ ಬಟ್ಟೆ ಒಂದೇ. ಬದುಕಿರುವಾಗಲೂ ಈ ಸಮಾನತೆಯ ಚೂರು ಅವರಿಗೆ ಸಿಕ್ಕಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಈ ಎರಡು ನಾಡುಗಳ ನಡುವೆ ಇರುವ ನಂಟು ಬರೀ ನನ್ನ ಕಲ್ಪನೆಯಲ್ಲ. ಇಂಕಾ ಬಟ್ಟೆಯ ಕೆಂಪು ಬಣ್ಣ ಬರುತ್ತಿದ್ದುದು ಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಚಿಕ್ಕ ಹುಳುವಿನಿಂದ. ನಮ್ಮ ಹೊಲದ ಬದುಗಳಲ್ಲಿ ಕಾಣುವ ಪಾಪಾಸುಕಳ್ಳಿ ಮೂಲತಃ ಅಮೆರಿಕ ಖಂಡದ ಗಿಡ. 18ನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಆ ಬಣ್ಣದ ಆಸೆಯಿಂದ ಭಾರತದಲ್ಲಿ ಈ ಕಳ್ಳಿಯನ್ನೂ ಹುಳುವನ್ನೂ ಬೆಳೆಸಲು ನೋಡಿತು. 1781ರಲ್ಲಿ ಎರಡನೆಯ ತುಪಾಕ್ ಅಮಾರುವಿನ ದಂಗೆಯನ್ನು ಅಡಗಿಸಿದ ಸ್ಪೇನಿನ ಆಡಳಿತ ಇಂಕಾ ಉಡುಪು ತೊಡುವುದನ್ನೇ ನಿಷೇಧಿಸಿತು. ಒಂದು ಜನಾಂಗದ ನೆನಪು ಅದರ ಬಟ್ಟೆಯಲ್ಲಿದೆ ಎಂಬುದು ಆಳುವವರಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು. ಅದೇ ದಶಕದಲ್ಲಿ, ರಾಜಾನುಕುಂಟೆಗೆ ದೂರವಲ್ಲದ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನರು ಬಂಗಾಳದಿಂದ ರೇಷ್ಮೆಹುಳು ತರಿಸಿ ಮೈಸೂರು ಸೀಮೆಯಲ್ಲಿ ಸಾಕಣೆಗೆ ಬುನಾದಿ ಹಾಕುತ್ತಿದ್ದರು. ನಾನಿಯ ಚರಕದ ಬೇರು ಅಲ್ಲಿದೆ.

ಹಾಗಾದರೆ ಈ ಕಸುಬು ಅಳಿಯುತ್ತಿದೆ ಎಂದು ಅಳಬೇಕೇ? ವಸ್ತುಪ್ರದರ್ಶನಗಳಲ್ಲಿ, ಭಾಷಣಗಳಲ್ಲಿ “ನಮ್ಮ ಪರಂಪರೆಯ ಕಲೆಯನ್ನು ಉಳಿಸಿ” ಎಂಬ ಕೂಗು ಕೇಳುತ್ತಲೇ ಇರುತ್ತದೆ. ನನ್ನ ಅಮ್ಮಿ ಮಾತ್ರ ತನ್ನ ಹೆಣ್ಣುಮಕ್ಕಳಲ್ಲಿ ಒಬ್ಬಳೂ ಆ ಬಿಸಿನೀರಿಗೆ ಕೈ ಅದ್ದಬಾರದೆಂದು ಹಟ ಹಿಡಿದು ಶಾಲೆಗೆ ಕಳಿಸಿದರು. ಅವರಿಗೆ ಕಲೆಯ ಮೇಲೆ ದ್ವೇಷವಿರಲಿಲ್ಲ. ತಮ್ಮ ತಾಯಿಯ ಬೆರಳು ಅವರ ಕಣ್ಣಮುಂದಿತ್ತು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ಪ್ರಕಟಿಸಿದ ವರದಿಯಲ್ಲಿ ನಮ್ಮ ಕರ್ನಾಟಕವೂ ಇತ್ತು. ಮಕ್ಕಳ ಕೈ ಬೇಯಿಸಿ ಉಳಿಸಬೇಕಾದ ಪರಂಪರೆ ಯಾವುದೂ ಇಲ್ಲ. ಈಗ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರಗಳು ಬಂದಿವೆ. ನಾನಿ ಇದ್ದಿದ್ದರೆ ಅದನ್ನು ನೋಡಿ ಅಲ್‌ಹಮ್ದುಲಿಲ್ಲಾಹ್ ಎನ್ನುತ್ತಿದ್ದರು.

ಆದರೆ ಕಸುಬು ಉಳಿಯುವ ಬೇರೊಂದು ದಾರಿಯೂ ಇದೆ. ಪೆರು ದೇಶದ ಟಿಟಿಕಾಕಾ ಸರೋವರದಲ್ಲಿ ತಾಕಿಲೆ ಎಂಬ ದ್ವೀಪವಿದೆ. ಅಲ್ಲಿ ಇಂಕಾ ಕಾಲದ ನೇಯ್ಗೆಯ ಅಂಶಗಳು ಇವತ್ತಿಗೂ ಜೀವಂತ. ಹೆಂಗಸರು ಗಂಡಸರು ಇಬ್ಬರೂ ನೇಯುತ್ತಾರೆ, ಗಂಡಸರು ಟೊಪ್ಪಿ ಹೆಣೆಯುತ್ತಾರೆ. 2005ರಲ್ಲಿ ಯುನೆಸ್ಕೊ ಈ ಕಲೆಯನ್ನು ಮಾನವಕುಲದ ಪರಂಪರೆ ಎಂದು ಘೋಷಿಸಿತು. ತಾಕಿಲೆಯ ಜನ ತಾವು ನೇಯ್ದದ್ದನ್ನು ಪ್ರವಾಸಿಗರಿಗೆ ಮಾರುವುದು ಮಾತ್ರವಲ್ಲ, ದಿನನಿತ್ಯ ತಾವೂ ತೊಡುತ್ತಾರೆ. ದೊರೆಯ ಕುಂಪಿ ಗಾಜಿನ ಪೆಟ್ಟಿಗೆ ಸೇರಿತು, ಬಡವರು ತಮಗಾಗಿ ನೇಯ್ದುಕೊಂಡ ಬಟ್ಟೆ ಉಳಿಯಿತು.

ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಉಪದೇಶವನ್ನು ನಾವು ಜುಮಾ ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ನೂಲು ಬಿಚ್ಚುವವರ, ಹುರಿ ಮಾಡುವವರ, ಕಂಡಿಕೆ ಸುತ್ತುವವರ, ಮಗ್ಗ ನಡೆಸುವವರ ವಿಷಯದಲ್ಲಿ ಅದನ್ನು ನೆನಪಿಸಿಕೊಳ್ಳುವವರು ಕಡಿಮೆ. ಮದುವೆಗೆಂದು ಸಾವಿರಾರು ರೂಪಾಯಿಯ ಸೀರೆ ಕೊಳ್ಳುವಾಗ ನಮ್ಮ ಹೆಂಗಸರು ಜರಿ ಅಸಲಿಯೋ ನಕಲಿಯೋ ಎಂದು ಉಜ್ಜಿ ನೋಡುತ್ತಾರೆ, ಬಣ್ಣ ಹೋಗುತ್ತದೆಯೇ ಎಂದು ಕೇಳುತ್ತಾರೆ. ಅದರ ಜೊತೆಗೆ, ಈ ಸೀರೆಯ ಬೆಲೆಯಲ್ಲಿ ನೇಯ್ದವರ ಪಾಲು ಎಷ್ಟು ಎಂದು ಒಮ್ಮೆ ಅಂಗಡಿಯವರನ್ನು ಕೇಳಿ ನೋಡೋಣ. ಅವರಿಗೆ ಉತ್ತರ ಗೊತ್ತಿಲ್ಲದಿರಬಹುದು. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗಾದರೂ ತಿಳಿದುಕೊಂಡು ಹೇಳಬೇಕಾಗುತ್ತದೆ.