ಯಂಕಂಚಿಯ ಆಯಿಗೆ ನಿದ್ದಿ ಯಾಕಿಲ್ಲ?

ಮೇ ತಿಂಗಳ ನಡುರಾತ್ರಿ. ಸಿಂದಗಿ ತಾಲ್ಲೂಕಿನ ಯಂಕಂಚಿಯಲ್ಲಿ ಕರೆಂಟು ಹೋಗಿದೆ. ನೀವು ಅಂಗಳದ ಹೊರಸಿನ ಮೇಲೆ ಮಲಗಿದ್ದೀರಿ. ಎರೆಹೊಲ ಹಗಲೆಲ್ಲ ಕುಡಿದ ಬಿಸಿಲು ಈಗ ಗಾಳಿಯಲ್ಲಿದೆ. ಪಕ್ಕದ ಹೊರಸಿನಲ್ಲಿ 70 ದಾಟಿದ ಆಯಿ ಮತ್ತೆ ಎದ್ದು ಕುಂತಳು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ದಿಂಬಿನ ಕೆಳಗಿನ ಫೋನು ತೆಗೆದು ನೋಡಿ, ಅಲ್ಲೇ ಇಟ್ಟಳು. ಪುಣೆಗೆ ದುಡಿಯಲು ಹೋದ ಮಗನ ಸುದ್ದಿಯಿಲ್ಲ.

"ಯಾಕಬೇ ಆಯಿ, ನಿದ್ದಿ ಬರವಲ್ದೇನು?"

"ವಯಸ್ಸಾತಪಾ, ಇನ್ನೆಲ್ಲಿ ನಿದ್ದಿ!"

ಅವಳ ಮಾತು ಅರ್ಧ ನಿಜ. ಮೂತ್ರಪಿಂಡಗಳ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಸುರಿಸುತ್ತವೆ. ಹರೆಯದಲ್ಲಿ ಅದು ನಸುಕಿಗೆ ಏರಿ, ನಡುರಾತ್ರಿಯ ಹೊತ್ತಿಗೆ ತೀರ ತಗ್ಗುತ್ತದೆ. ಹೆಚ್ಚಾದರೆ ಮಿದುಳೇ ತಡೆಯುತ್ತದೆ. ವಯಸ್ಸಾದಂತೆ ಆ ತಡೆ ಸಡಿಲವಾಗಿ, ಹಲವರಲ್ಲಿ ರಾತ್ರಿಯ ಮಟ್ಟ ಮೊದಲಿನಷ್ಟು ಇಳಿಯುವುದಿಲ್ಲ, ನಿದ್ದೆ ಕೆಡಬಹುದು. ಉಳಿದರ್ಧ ಈ ಸೆಕೆ, ಆ ಫೋನಿನ ಚಿಂತೆ. ದೇಹಕ್ಕೆ ಎರಡೂ ಒತ್ತಡವೇ. 1936ರಲ್ಲಿ ವಿಜ್ಞಾನಿ ಹಾನ್ಸ್ ಸೆಲ್ಯೆ ಇಲಿಗಳಲ್ಲಿ ಕಂಡದ್ದು ಹೀಗೆ: ಚಳಿಯಿರಲಿ, ಗಾಯವಿರಲಿ, ವಿಷವಿರಲಿ, ದೇಹ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಕಂಗೆಡುತ್ತದೆ, ಅಡ್ರಿನಲ್ ದಪ್ಪಗಾಗುತ್ತದೆ. ಕಾರ್ಟಿಸಾಲ್ ಬಹುಕಾಲ ಏರಿಯೇ ಇದ್ದರೆ ಬಿ.ಪಿ., ಶುಗರ್ ಹೆಚ್ಚುತ್ತವೆ, ಎಲುಬು, ಸ್ನಾಯು ಸವೆಯುತ್ತವೆ, ನೆನಪಿಗೂ ಪೆಟ್ಟು.

ಕೋಳಿ ಕೂಗುವ ಮೊದಲೇ ಆಯಿ ಒಲೆ ಹಚ್ಚಿದಳು. ವಯಸ್ಸಾದವರಲ್ಲಿ ಕಾರ್ಟಿಸಾಲಿನ ಬೆಳಗಿನ ಏರಿಕೆಯೂ ಬೇಗ ಶುರುವಾಗುವುದುಂಟು. ಚಾ ಕುಡಿದು ಸೆರಗಿನ ಗಂಟು ಬಿಚ್ಚಿದಳು. ಒಳಗೆ ಮಡಚಿದ ಕಾಗದದ ಪೊಟ್ಟಣ, ಅದರಲ್ಲಿ ಹೆಸರಿಲ್ಲದ ಸಣ್ಣ ಬಿಳಿ ಗುಳಿಗೆ. ಮೊಣಕಾಲು ನೋವಿಗೆ ಯಾರೋ ಕೊಟ್ಟದ್ದು. "ಇದು ನುಂಗಿದ್ರ ಹಗೂರ ಆಗ್ತೈತಿ."

ನನಗೆ ಸೆಕೆಗಿಂತ, ವಯಸ್ಸಿಗಿಂತ ಹೆಚ್ಚು ಭಯ ಈ ಪೊಟ್ಟಣದ್ದು. ಹೀಗೆ ಹೆಸರಿಲ್ಲದೆ ಸಿಗುವ ನೋವಿನ ಗುಳಿಗೆಯಲ್ಲಿ ಸ್ಟೆರಾಯ್ಡ್ ಇರಬಹುದು. ಅದು ಕಾರ್ಟಿಸಾಲಿನದೇ ಕೆಲಸ ಮಾಡುವ ಔಷಧ. ನೋವು ಬೇಗ ತಗ್ಗುತ್ತದೆ. ಆದರೆ ದಿನಾ ನುಂಗುತ್ತ ಹೋದರೆ ಒಳಗಿನ ಗ್ರಂಥಿ ತನ್ನ ಕೆಲಸವನ್ನೇ ಬಿಟ್ಟು ಕೂರುತ್ತದೆ. ಆಮೇಲೆ ಗುಳಿಗೆ ಒಮ್ಮೆಲೇ ನಿಂತರೆ ಬಿ.ಪಿ. ಕುಸಿದು ಜೀವಕ್ಕೇ ಕುತ್ತು. ವೈದ್ಯರು ತೂಗಿನೋಡಿ ಕೊಡುವ ಸ್ಟೆರಾಯ್ಡಿನ ಮಾತು ಬೇರೆ.

ಊರಿಗೆ ಹೋದಾಗ ಹಿರಿಯರ ಬಿ.ಪಿ., ಶುಗರ್ ನೋಡಿಸಿ. ಅವರ ಗುಳಿಗೆಗಳನ್ನೆಲ್ಲ ವೈದ್ಯರ ಮುಂದೆ ಹರಡಿ ತೋರಿಸಿ. ವೈದ್ಯರು ಹೇಳುವವರೆಗೆ ಯಾವುದನ್ನೂ ತಟ್ಟನೆ ನಿಲ್ಲಿಸಬೇಡಿ.