ನದಿಯಿಂದ ಬಂದ ಕ್ರಿಯಾಪದ

ಇಂಗ್ಲಿಷಿನ ‘ಮಿಯಾಂಡರ್’ ಎಂಬ ಕ್ರಿಯಾಪದಕ್ಕೆ ಅಂಕುಡೊಂಕಾಗಿ, ಅವಸರವಿಲ್ಲದೆ ಸಾಗು ಎಂದರ್ಥ. ಅದರ ತವರು ಪಶ್ಚಿಮ ತುರ್ಕಿಯ ಒಂದು ನದಿ. ಪ್ರಾಚೀನ ಗ್ರೀಕರು ಅದನ್ನು ಮಯಾಂಡ್ರೋಸ್ ಎಂದರು. ಇಂದಿನ ಹೆಸರು ಬುಯುಕ್ ಮೆಂಡೆರೆಸ್.

ದಿನಾರ್ ಪಟ್ಟಣದ ಬಳಿ ಹುಟ್ಟುವ ಈ ನದಿ ಅಂಜೂರದ ತೋಟ, ಹತ್ತಿಯ ಹೊಲಗಳ ಬಯಲಿನಲ್ಲಿ ಹರಿದು ಈಜಿಯನ್ ಸಮುದ್ರವನ್ನು ಸೇರುತ್ತದೆ. ತಿರುವಿನ ಹೊರದಂಡೆಯನ್ನು ಕೊರೆದು, ಒಳದಂಡೆಗೆ ಮಣ್ಣನ್ನು ತುಂಬುತ್ತ ತನ್ನ ಡೊಂಕನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಡೊಂಕಾದುದಕ್ಕೆಲ್ಲ ಜನ ಈ ನದಿಯ ಹೆಸರನ್ನೇ ಹೇಳುತ್ತಿದ್ದರೆಂದು ಭೂಗೋಳಜ್ಞ ಸ್ಟ್ರಾಬೋ ಸುಮಾರು 2000 ವರ್ಷಗಳ ಹಿಂದೆಯೇ ಬರೆದಿದ್ದಾನೆ. ಇಂಗ್ಲಿಷಿನಲ್ಲಿ ಇದು ಕ್ರಿಯಾಪದವಾದದ್ದು 17ನೆಯ ಶತಮಾನದಲ್ಲಿ.

ಇಂದು ತೊರೆಯೂ ಮಿಯಾಂಡರ್ ಆಗುತ್ತದೆ. ಕಾಲುದಾರಿಯೂ, ಸಂಜೆಯ ತಿರುಗಾಟವೂ, ಮಾತುಕತೆಯೂ ಆಗುತ್ತವೆ. ತೊರೆಯ ವಿಷಯದಲ್ಲಿ ಅದು ಸೊಗಸಿನ ಮಾತು. ಭಾಷಣದ ವಿಷಯದಲ್ಲಾದರೋ ಆಕ್ಷೇಪಣೆ! ಗುರಿಯತ್ತ ನೇರವಾಗಿ ಧಾವಿಸುವವನಿಗೆ ಮಾತ್ರ ಅದು ಎಂದಿಗೂ ಒಪ್ಪದು.

ಪದ ಇಷ್ಟು ಮೃದುವಾದರೂ ನದಿಯ ನಡೆ ನಿರಪಾಯವಾಗಿರಲಿಲ್ಲ. ಅದರ ಮುಖದಲ್ಲಿದ್ದ ಮಿಲೇಟಸ್ ತತ್ತ್ವಜ್ಞಾನಿ ಥೇಲಿಸನ ಊರು, ನಾಲ್ಕು ಬಂದರುಗಳ ಸಿರಿನಗರಿ. ನದಿ ಹೊತ್ತು ತಂದ ಹೂಳು ಶತಮಾನಗಳಲ್ಲಿ ಕೊಲ್ಲಿಯನ್ನೇ ತುಂಬಿತು, ಹಡಗುಗಳು ಬಾರದಾದವು, ಊರು ಬರಿದಾಯಿತು. ಕ್ರಿ.ಪೂ. 494ರಲ್ಲಿ ಪರ್ಷಿಯನ್ನರಿಗೂ ಅಯೋನಿಯದ ಗ್ರೀಕರಿಗೂ ನೌಕಾಯುದ್ಧ ನಡೆದ ಲಾಡೆ ದ್ವೀಪ ಈಗ ಬಯಲಿನ ನಡುವಿನ ಗುಡ್ಡ. ಕೊಲ್ಲಿಯ ಒಂದು ತುಂಡು ಬಾಫಾ ಸರೋವರವಾಗಿ ಉಳಿದಿದೆ. ಮಿಲೇಟಸಿನ ಭಗ್ನ ರಂಗಮಂಟಪದ ಮೆಟ್ಟಿಲೇರಿದ ಪ್ರವಾಸಿಗೆ ಹಿಂದೆ ಅಲೆಗಳಿದ್ದೆಡೆಯಲ್ಲಿ ಹೊಲಗಳು ಕಾಣುತ್ತವೆ. ಸಮುದ್ರ ಹಲವು ಕಿಲೋಮೀಟರುಗಳಾಚೆ ಸರಿದಿದೆ.