ಯಾರ ಪಾಲಿಗೆ ಎಷ್ಟು ಗಜ

ಹೊಸಪೇಟೆಯ ಆಚೆ, ಎರಡು ಗುಡ್ಡಸಾಲುಗಳ ನಡುವೆ ರಾಯರ ಕೆರೆಯ ಏರಿ ಇದೆ. ಹಳೆಯ ಹೆದ್ದಾರಿ ಅದರ ಮೇಲೆಯೇ ಹಾದುಹೋಗುವುದರಿಂದ ಅದು ಏರಿ ಅನ್ನುವುದೇ ಗೊತ್ತಾಗುವುದಿಲ್ಲ. ರಸ್ತೆಯಿಂದ ಕೆಳಗಿಳಿದು, ಒಂದು ಕಾಲಕ್ಕೆ ನೀರು ನಿಲ್ಲುತ್ತಿದ್ದ ಜಾಗದ ಹೊಲದಲ್ಲಿ ನಿಂತು ತಲೆಯೆತ್ತಿದಾಗ ನನಗೆ ಮೈ ಜುಮ್ಮೆಂದಿತು. ಗುಡ್ಡದಿಂದ ಗುಡ್ಡಕ್ಕೆ ಒಟ್ಟಿದ ಆ ಕಲ್ಲುಮಣ್ಣಿನ ಮೇಲೆ ತುಂಬಿದ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು.

ಕೃಷ್ಣದೇವರಾಯನ ಕಾಲದಲ್ಲಿ ಈ ಕೆಲಸ ನಡೆಯುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕಣ್ಣಾರೆ ಕಂಡ. 15–20 ಸಾವಿರ ಜನ ಇರುವೆಗಳ ಹಾಗೆ ಮುತ್ತಿದ್ದರು, ಕಾಲಡಿಯ ನೆಲವೇ ಕಾಣುತ್ತಿರಲಿಲ್ಲ ಎಂದು ಬರೆದಿಟ್ಟ. ಆ ಲೆಕ್ಕಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಇನ್ನೊಂದು ಮಾತು. ರಾಯ ಇಡೀ ಕೆಲಸವನ್ನು ತನ್ನ ನಾಯಕರಿಗೆ ಹಂಚಿಕೊಟ್ಟಿದ್ದ. ತನ್ನ ಕೈಕೆಳಗಿನವರು ತಮ್ಮ ಪಾಲಿನದನ್ನು ಮುಗಿಸುವಂತೆ ನೋಡಿಕೊಳ್ಳುವುದು ಪ್ರತಿಯೊಬ್ಬ ನಾಯಕನ ಹೊಣೆ. ಇನ್ನೊಬ್ಬ ಪೋರ್ಚುಗೀಸ ಫೆರ್ನಾವ್ ನೂನಿಜ್ ಇನ್ನಷ್ಟು ಹೇಳುತ್ತಾನೆ: ಪೋರ್ಚುಗೀಸ್ ಗವರ್ನರ್ ಕಳಿಸಿಕೊಟ್ಟಿದ್ದ ಕಲ್ಲುಕೆಲಸದ ನಿಪುಣ ಜೊವಾವ್ ದೆಲ್ಲ ಪೊಂಟೆಯನ್ನು ಕರೆಸಿ, ತನಗೆ ಎಂಥ ಕೆರೆ ಬೇಕೆಂದು ರಾಯ ವಿವರಿಸಿದ. ಆಗದ ಕೆಲಸ ಅನ್ನಿಸಿದರೂ ಅವನು ಒಪ್ಪಿಕೊಂಡು, ಮೊದಲು ಸುಣ್ಣ ಸುಡಿಸಿ ಎಂದ. ಇಲ್ಲಿಯ ಜನ ಮನೆಗೂ ಸುಣ್ಣ ಬಳಸುವುದನ್ನು ಅರಿಯರು ಎಂದು ರಾಯ ನಕ್ಕನಂತೆ. ಮುಂದೆ ಹಂಪಿಯ ಕಮಲ ಮಹಲಿನ ಗಾರೆ ಕಮಾನುಗಳ ಕೆಳಗೆ ನಿಂತಾಗ ಈ ಮಾತನ್ನು ಪೂರ್ತಿ ನಂಬಲು ನನ್ನಿಂದ ಆಗಲಿಲ್ಲ. ಹಗಲು ಹಾಕಿದ ಕಲ್ಲು ರಾತ್ರಿ ಕುಸಿಯುತ್ತಿತ್ತು, ಮರಣದಂಡನೆಯ ಕೈದಿಗಳನ್ನು ಅಲ್ಲೇ ಬಲಿಕೊಟ್ಟ ಮೇಲೆ ಏರಿ ನಿಂತಿತು ಎಂದೂ ನೂನಿಜ್ ಬರೆಯುತ್ತಾನೆ. ಅಲ್ಲಿ ಬೆರಗಿನ ಜೊತೆಗೆ ಸಂಕಟವೂ ಆಗುತ್ತದೆ. ನೀರುಂಡ ಹೊಸ ಜಮೀನನ್ನು ಒಂಬತ್ತು ವರ್ಷ ಕಂದಾಯವಿಲ್ಲದೆ ಜನರಿಗೆ ಬಿಟ್ಟುಕೊಟ್ಟ ಎಂಬ ಮಾತೂ ಅದೇ ಬರಹದಲ್ಲಿದೆ.

ನಾನು ಹೊಸಪೇಟೆಗೆ ಬಂದದ್ದು ಅಣ್ಣನ ಕೆಲಸಕ್ಕೆ. ದೊಡ್ಡಪ್ಪ ಕಟ್ಟಿಸಿದ ಬಟ್ಟೆ ಅಂಗಡಿಯನ್ನು ಹೊಸದು ಮಾಡಿ, ಮೇಲೆ ಎರಡು ಮಹಡಿ ಎಬ್ಬಿಸಿ ಲಾಡ್ಜ್ ಮಾಡಬೇಕೆಂದು ಅವನ ಆಸೆ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾದ ಮೇಲೆ ಊರಿನಲ್ಲಿ ಎತ್ತ ನೋಡಿದರೂ ಸೆಂಟ್ರಿಂಗ್ ಕಂಬಗಳು. ಮೇಸ್ತ್ರಿಯೆಂದು ಎಲ್ಲರೂ ಕರೆಯುವ, ತಲೆ ಪೂರ್ತಿ ನರೆತ ಗುತ್ತಿಗೆದಾರರೊಬ್ಬರನ್ನು ಅಣ್ಣ ಕರೆಸಿದ್ದ. ಚದರಕ್ಕೆ ಎಷ್ಟು ಎಂದು ಇವನು ಕೇಳಿದರೆ ಅವರು ಗೋಡೆಯ ಬುಡ ನೋಡುತ್ತಾ ಕೂತರು.

"ಸಾವ್ಕಾರ್ರೇ, ರೇಟು ಆಮೇಲೆ. ಹಳೇ ಪಾಯ ಎಷ್ಟು ಆಳ ಐತಿ ಅಂತ ಒಂದು ಮೂಲ್ಯಾಗ ಅಗದು ನೋಡೋಣ. ಮಣ್ಣಿನ ಗೋಡಿ ಮ್ಯಾಲೆ ಎರಡು ಮಹಡಿ ಹೊರಿಸಾಕ ನನ್ನ ಕೈಲಿ ಆಗಂಗಿಲ್ಲ."

ಮಾಡುವ ಕೆಲಸವನ್ನೂ ಮಾಡಬಾರದ ಕೆಲಸವನ್ನೂ ಒಂದೇ ಉಸಿರಿಗೆ ಹೇಳಿದ ಅವರ ಬೆನ್ನು ಹತ್ತಬೇಕು ಅನ್ನಿಸಿತು. ತಮ್ಮ ಕೆಲಸಗಳನ್ನು ನೋಡಲು ಅವರು ಹೊರಟಲ್ಲೆಲ್ಲ ನಾವೂ ಹೊರಟೆವು.

ಮೊದಲು ತುಂಗಭದ್ರಾ ಅಣೆಕಟ್ಟು. 1945ರ ಫೆಬ್ರುವರಿ 28ರಂದು ಎಡದಂಡೆಯಲ್ಲಿ ಹೈದರಾಬಾದ್ ಸಂಸ್ಥಾನದ ಯುವರಾಜ, ಬಲದಂಡೆಯಲ್ಲಿ ಮದ್ರಾಸ್ ಗವರ್ನರ್ ಅಡಿಗಲ್ಲು ಹಾಕಿದರು. ಎರಡು ಸರ್ಕಾರ, ಎರಡು ಖಜಾನೆ, ಎರಡು ಎಂಜಿನಿಯರ್ ಪಡೆ. ಹೊಳೆಯ ಎರಡೂ ಮಗ್ಗುಲಿನಿಂದ ಕಟ್ಟುತ್ತ ಬಂದ ಗೋಡೆ ಒಂದೇ ಗೆರೆಗೆ ಕೂಡಿಕೊಂಡು 1953ಕ್ಕೆ ನೀರು ನಿಲ್ಲಿಸಿತು. ಕಲ್ಲಿಗೆ ಕಲ್ಲು ಕಚ್ಚಿಸಿದ್ದು ಸಿಮೆಂಟಲ್ಲ, ಸುರ್ಕಿ ಅಂದರೆ ಇಟ್ಟಿಗೆ ಪುಡಿ ಮತ್ತು ಸುಣ್ಣದ ಗಾರೆ. ರಾಯ ನಕ್ಕ ಅದೇ ಸುಣ್ಣ! 33 ಗೇಟುಗಳು, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ ಕೆಳಗಿನ ಊರುಗಳೆಲ್ಲ ನಿದ್ದೆಗೆಟ್ಟವು. ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು; ಬೇರೆಬೇರೆ ವರ್ಕ್‌ಶಾಪುಗಳಲ್ಲಿ ಉಕ್ಕಿನ ತುಂಡುಗಳನ್ನು ಮಾಡಿಸಿ, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ, ಒಂದು ವಾರದಲ್ಲಿ ಆ ಬಾಯಿ ಮುಚ್ಚಿದರು. ನೀರು ಬರಿದಾಗಲಿ ಎಂದು ಕಾಯಲಿಲ್ಲ. ನವೀಕರಣ ಅಂದರೆ ಇದಪ್ಪಾ ಎಂದು ಮೇಸ್ತ್ರಿ ಕೈ ಮುಗಿದರು. ದೇಶದ ಅನೇಕ ಜಲಾಶಯಗಳಿಗೆ ಗೇಟು ಮಾಡಿಕೊಡುತ್ತಿದ್ದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆ ಮುಚ್ಚಿದ ಮೇಲೆ ಅದರ ಆವರಣಕ್ಕೆ ಹೊಸ ಜಿಲ್ಲಾಧಿಕಾರಿ ಕಚೇರಿ ಬಂತು. ಕಾರ್ಖಾನೆಯೊಂದು ಹೀಗೆ ಜಿಲ್ಲೆಯಾದದ್ದು ನನಗೆ ಬಹಳ ಇಷ್ಟವಾಯಿತು.

ಸಂಡೂರಿನ ದಾರಿಯಲ್ಲಿ ಗುಡ್ಡದ ಮಣ್ಣು, ರಸ್ತೆ, ಮರದೆಲೆ ಎಲ್ಲವೂ ಕೆಂಪು. ಇದೇ ತಾಲ್ಲೂಕಿನ ತೋರಣಗಲ್ಲಿನಲ್ಲಿ ಆ ಅದಿರು ಉಕ್ಕಾಗುತ್ತದೆ. ನಾವು ಕಂಬಕ್ಕೆ ಕಟ್ಟುವ ಕಂಬಿಯ ಹುಟ್ಟೂರಿನಲ್ಲೇ ನಿಂತಿದ್ದೇವೆ ಎಂದು ಹೊಳೆದಾಗ ಅಣ್ಣ ಸುಮ್ಮನಾದ. ಘೋರ್ಪಡೆ ಮನೆತನದ ಶಿವವಿಲಾಸ ಅರಮನೆ ಈಗ ಪಾರಂಪರಿಕ ಹೋಟೆಲು. ಹೊರಗಿನಿಂದಲೇ ನೋಡಿ ಹೊರಟೆವು.

ಹಂಪಿಯಲ್ಲಿ ಮೇಸ್ತ್ರಿ ನಮ್ಮನ್ನು ಗುಡಿಗೆ ಮೊದಲು ಒಂದು ಬಂಡೆಯ ಹತ್ತಿರ ಕರೆದೊಯ್ದರು. ಬಂಡೆಯ ಮೈಮೇಲೆ ಗೇಣು ಗೇಣಿಗೆ ಸಾಲಾಗಿ ತೋಡಿದ ಕುಳಿಗಳು. ಒಂದರಲ್ಲಿ ಬೆರಳಿಟ್ಟೆ, ಒಳಗೆ ಉಳಿಯ ಗೀರು ಇನ್ನೂ ಬೆರಳಿಗೆ ತಾಕುತ್ತದೆ. ಈ ಸಾಲಿಗೆ ಬೆಣೆ ಹೊಡೆದರೆ ಕಲ್ಲು ಗೆರೆ ಹಿಡಿದು ಸೀಳುತ್ತದೆ. ಇಲ್ಲಿ ಸಾಲು ಹಾಕಿದ್ದಾರೆ, ಸೀಳಿಲ್ಲ. ನಾಳೆ ಬಂದು ಒಡೆಯೋಣವೆಂದು ಹೋದವರು 1565ರ ಯುದ್ಧದಲ್ಲಿ ವಿಜಯನಗರ ಸೋತಾಗ ಊರೇ ಬಿಟ್ಟರೋ ಏನೋ.

ವಿರೂಪಾಕ್ಷನ ಗುಡಿಯೂ ಸೇರಿಸುತ್ತ ಬೆಳೆದ ಕಟ್ಟಡವೇ. ಅದಾಗಲೇ ಶತಮಾನಗಳಿಂದ ಪೂಜೆ ನಡೆಯುತ್ತಿದ್ದ ಜಾಗಕ್ಕೆ ಕೃಷ್ಣದೇವರಾಯ ಪಟ್ಟಕ್ಕೆ ಬಂದ ನೆನಪಿಗೆ 1510ರಲ್ಲಿ ರಂಗಮಂಟಪ ಸೇರಿಸಿದ. ಶಾಸನ ಪಕ್ಕದಲ್ಲೇ ಇದೆ. ಹಳೆಯದರ ಮೈಗೆ ಹೊಸದು ತಾಗುವ ಜಾಗವನ್ನು ಹುಡುಕಿ ಹುಡುಕಿ ನೋಡಿದೆ. ಎದುರಿನ ರಥಬೀದಿಯ ಸಾಲುಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು 2011ರ ಜುಲೈಯಲ್ಲಿ ತೆರವು ಮಾಡಿಸಿದರು. ಮಂಟಪ ಉಳಿಯಬೇಕು, ಅದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ಬದಲಿ ಜಾಗದಲ್ಲಿ ಸೂರು, ನೀರು, ಗಿರಾಕಿ ಬರುವ ದಾರಿ ತಯಾರಾದ ಮೇಲೆ ಜೆಸಿಬಿ ಬರಬೇಕಿತ್ತು. ಈಗ ಈ ಸೀಮೆಯಲ್ಲಿ ಯಾರೇ ಗೋಡೆ ಎಬ್ಬಿಸಲಿ, ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ನಕ್ಷೆಯಲ್ಲಿ ತನ್ನ ಜಾಗ ಯಾವ ವಲಯಕ್ಕೆ ಬರುತ್ತದೆ ಎಂದು ಮೊದಲು ನೋಡಬೇಕು. 2020ರಲ್ಲಿ ಹಂಪಿಯ ಹೊಳೆಯಾಚೆಯ ವಿರೂಪಾಪುರ ಗಡ್ಡಿಯ ಅಕ್ರಮ ರೆಸಾರ್ಟುಗಳು ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ನೆಲಸಮವಾದವು. ಅದನ್ನು ಕೇಳಿದ ಅಣ್ಣ ನಗರಸಭೆಯ ಲೈಸೆನ್ಸ್ ಬಗ್ಗೆ ಆಮೇಲೆ ನೋಡೋಣ ಅನ್ನುವುದನ್ನು ಬಿಟ್ಟ.

ಕಂಪ್ಲಿಗೆ ಹೋಗುವಾಗ ಎರಡೂ ಕಡೆ ಭತ್ತದ ಗದ್ದೆ. ವಿಜಯನಗರದ ಕಾಲುವೆಗಳ ನೀರು ಇವತ್ತಿಗೂ ಇಲ್ಲಿ ಹರಿಯುತ್ತದೆ. ಊರಂಚಿನಲ್ಲಿ ಮೇಸ್ತ್ರಿಯ ಕೆಲಸ ನಡೆದಿತ್ತು: ಅಕ್ಕಿ ಗೋದಾಮೊಂದು ಕಲ್ಯಾಣ ಮಂಟಪವಾಗುತ್ತಿತ್ತು. ಹಳೆಯ ಗೋಡೆಗೆ ಭಾರ ಹೊರಿಸದೆ, ಅದರ ಪಕ್ಕದಲ್ಲೇ ಹೊಸ ಪಾಯದಿಂದ ಕಂಬಗಳನ್ನು ಎಬ್ಬಿಸಿ ಮೇಲಿನ ಮಹಡಿಯನ್ನು ಅವುಗಳ ಮೇಲೆ ಕೂರಿಸಿದ್ದರು. ಅವತ್ತು ಸ್ಲ್ಯಾಬ್ ಹಾಕುವ ದಿನ.

ಕಾಂಕ್ರೀಟ್ ಕಲಸುವ ಮಿಲ್ಲರ್ ಶುರುವಾಗುವ ಮೊದಲು ಮೇಸ್ತ್ರಿ ಬಾರ್ ಬೆಂಡರನ್ನು ಕರೆದು ಕಂಬಿಯ ಕೆಳಗಿನ ಕವರಿಂಗ್ ಬಿಲ್ಲೆಗಳನ್ನು ಕೈಯಾಡಿಸಿ ನೋಡಿದರು. ಎಲೆಕ್ಟ್ರಿಷಿಯನ್ ಹುಡುಗ ಫ್ಯಾನ್ ಬಾಕ್ಸ್, ಪೈಪು ತೋರಿಸಿದ. ಪ್ಲಂಬರ್ ಬಚ್ಚಲಿನ ತೂತು ತೋರಿಸಿದ. "ನಂದು ಮುಗೀತು" ಎಂದು ಒಬ್ಬೊಬ್ಬರೂ ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು, ಅಲ್ಲಿಯ ತನಕ ಜಲ್ಲಿ ಎತ್ತುವ ಹಾಗಿಲ್ಲ. ಆಮೇಲೆ ಬುಟ್ಟಿಗಳು ಕೈಯಿಂದ ಕೈಗೆ ಹೊರಟವು, ವೈಬ್ರೇಟರ್ ಗುರ್ರೆಂದಿತು, ಹೆಂಗಸರು ಗಂಡಸರು ಒಂದೇ ಲಯಕ್ಕೆ ಬಿದ್ದರು. ಪಾಯಸ್ ಏರಿಯ ಮೇಲೆ ಕಂಡದ್ದು ನನಗೆ ಇಲ್ಲಿ ಕಾಣಿಸಿತು: ಯಾರ ಪಾಲಿಗೆ ಎಷ್ಟು ಗಜ, ಕುಸಿದರೆ ಜವಾಬು ಕೊಡುವವರು ಯಾರು ಎಂಬುದು ಮೊದಲ ಬುಟ್ಟಿ ಏಳುವ ಮುಂಚೆಯೇ ತೀರ್ಮಾನವಾಗಿತ್ತು.

ಊಟದ ಹೊತ್ತಿಗೆ ಅಣ್ಣ ತನ್ನ ಅಂಗಡಿಯ ಮಾತೆತ್ತಿದ. ಮೇಸ್ತ್ರಿ ಜೇಬಿನಿಂದ ಪೆನ್ನು ತೆಗೆದರು. ಪಾಯಕ್ಕೆ ಇಷ್ಟು, ಲಿಂಟಲ್‌ಗೆ ಇಷ್ಟು, ಪ್ರತಿ ಸ್ಲ್ಯಾಬಿಗೆ ಇಷ್ಟು ಎಂದು ಹಣದ ಕಂತುಗಳನ್ನು ಬರೆದರು. ಒಂದು ಮಳೆಗಾಲ ಕಳೆದು ತಾರಸಿ ಸೋರದಿದ್ದರೆ ಮಾತ್ರ ತಮಗೆ ಸಲ್ಲುವ ಕಡೆಯ ಕಂತನ್ನೂ ತಾವೇ ಬರೆದರು. ವ್ಯಾಪಾರ ನಿಲ್ಲದಂತೆ ಮೊದಲು ಹಿಂಭಾಗ, ದೀಪಾವಳಿ ಮುಗಿದ ಮೇಲೆ ಮುಂಭಾಗ. ಅಣ್ಣ ಮುಂಗಡ ಎಣಿಸಲು ಹೋದ.

"ಈಗ ಬ್ಯಾಡ್ರಿ. ಸೋಮವಾರ ಗುಂಡಿ ತೋಡಿ ಪಾಯ ನೋಡ್ತೀನಿ. ಎಂಜಿನಿಯರ್ ಸಾಹೇಬ್ರನ್ನೂ ಕರಸ್ರಿ" ಅಂದು ಅವರು ಸ್ಲ್ಯಾಬಿನತ್ತ ಏಣಿ ಹತ್ತಿದರು.